ಇಲಿಗೂ ಜಾಗ ಕೊಟ್ಟ ವಸ್ತುಸಂಗ್ರಹಾಲಯ

ವಸ್ತುಸಂಗ್ರಹಾಲಯ ಎಂದೊಡನೆ ನಿಮಗೆ ನೆನಪಾಗುವುದೇನು? ಗಾಜಿನ ಪೆಟ್ಟಿಗೆಯೊಳಗಿನ ಕತ್ತಿ, ನಾಣ್ಯ, ಪಳೆಯುಳಿಕೆ. ಪಕ್ಕದಲ್ಲೇ 'ಮುಟ್ಟಬೇಡಿ' ಎಂಬ ಫಲಕ. ಅಂಥ ಕಡೆ ಜೀವಂತ ಇಲಿಗಳನ್ನು ಪ್ರದರ್ಶನಕ್ಕಿಟ್ಟಿದ್ದರು ಎಂದರೆ ನಂಬುವಿರಾ?

ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನಲ್ಲಿ ಸ್ಮಿತ್‌ಸೋನಿಯನ್ ಸಂಸ್ಥೆಯ ಭವ್ಯ ಸಂಗ್ರಹಾಲಯಗಳಿವೆ. ಪ್ರವೇಶ ಉಚಿತ. ಆದರೂ 1960ರ ದಶಕದಲ್ಲಿ ಅದೇ ನಗರದ ಬಡ ಬಡಾವಣೆಗಳ ಜನ ಅತ್ತ ಸುಳಿಯುತ್ತಿದ್ದುದು ವಿರಳ. ಆಗ ಸಂಸ್ಥೆಯ ಕಾರ್ಯದರ್ಶಿಯಾಗಿದ್ದವರು ಡಿಲ್ಲನ್ ರಿಪ್ಲೆ. ನಮ್ಮ ಸಲೀಂ ಅಲಿಯವರೊಡನೆ ಭಾರತದ ಪಕ್ಷಿಗಳ ಬೃಹತ್ ಕೈಪಿಡಿಯನ್ನು ರಚಿಸಿದ ಪಕ್ಷಿವಿಜ್ಞಾನಿ ಇವರೇ. ಜನ ಬಾರದಿದ್ದರೆ ಸಂಗ್ರಹಾಲಯವೇ ಜನರಿದ್ದಲ್ಲಿಗೆ ಹೋಗಬೇಕು ಎಂಬುದು ಅವರ ನಿಲುವು.

ಅದರಂತೆ 1967ರ ಸೆಪ್ಟೆಂಬರ್ 15ರಂದು, ಕರಿಯ ಜನರೇ ಹೆಚ್ಚಾಗಿದ್ದ ಅನಕೋಸ್ಟಿಯ ಬಡಾವಣೆಯಲ್ಲಿ, ಹಳೆಯ ಚಿತ್ರಮಂದಿರವೊಂದರಲ್ಲಿ ಹೊಸ ಸಂಗ್ರಹಾಲಯ ತೆರೆಯಿತು. ಅದರ ನಿರ್ದೇಶಕರಾದ ಜಾನ್ ಕಿನಾರ್ಡ್ ಸಂಗ್ರಹಾಲಯದ ತರಬೇತಿ ಪಡೆದವರಲ್ಲ. ಜನರ ನಡುವೆ ದುಡಿದ 30ರ ಯುವಕ. ಏನನ್ನು ಪ್ರದರ್ಶಿಸಬೇಕೆಂಬುದನ್ನು ಅವರು ನೆರೆಹೊರೆಯವರಿಂದಲೇ ಕೇಳಿ ತಿಳಿದರು.

ಅಲ್ಲಿನ ಮನೆಗಳನ್ನು ಕಾಡುತ್ತಿದ್ದ ದೊಡ್ಡ ಪಿಡುಗು ಇಲಿ. ಆದ್ದರಿಂದ 1969ರಲ್ಲಿ 'ಇಲಿ: ಮಾನವ ತಾನೇ ಕರೆದುಕೊಂಡ ಪೀಡೆ' ಎಂಬ ಪ್ರದರ್ಶನ ಸಿದ್ಧವಾಯಿತು. ಈ ಶೀರ್ಷಿಕೆಯ ಹಿಂದೆ ವಿಜ್ಞಾನವಿದೆ. ಇಲಿಯ ಬಾಚಿಹಲ್ಲು ಜೀವನಪೂರ್ತಿ ಬೆಳೆಯುತ್ತದೆ. ಹಾಗಾಗಿ ಅದು ಕಡಿಯುತ್ತಲೇ ಇರಬೇಕು. ಗರ್ಭಾವಧಿ ಸುಮಾರು ಮೂರೇ ವಾರ. ತೆರೆದಿಟ್ಟ ಕಸ, ಅಡಗಲು ಸಂದುಗೊಂದು ಸಿಕ್ಕರೆ ಸಂಖ್ಯೆ ಏರುತ್ತಲೇ ಹೋಗುತ್ತದೆ. ಕೆಲವು ಇಲಿಗಳನ್ನು ಕೊಂದರೆ ಸಾಲದು. ಆಹಾರ ಮತ್ತು ಆಸರೆ ಎರಡನ್ನೂ ತಪ್ಪಿಸಬೇಕು. ಆದರೆ ಕಸ ಸಾಗಿಸುವುದು, ಮುರುಕು ಮನೆ ದುರಸ್ತಿ ಮಾಡಿಸುವುದು ಬಾಡಿಗೆದಾರನೊಬ್ಬನ ಕೈಲಿಲ್ಲ. ಹೀಗಾಗಿ ಜೀವವಿಜ್ಞಾನದ ಪಾಠ ನಾಗರಿಕ ಹಕ್ಕಿನ ಪ್ರಶ್ನೆಯೂ ಆಗುತ್ತದೆ.

1972ರಲ್ಲಿ ಇದೇ ಸಂಗ್ರಹಾಲಯ ಬಡಾವಣೆಯ ಇತಿಹಾಸವನ್ನು ಪ್ರದರ್ಶಿಸಿತು. ಅದಕ್ಕೆ ಆಧಾರವಾದುದರಲ್ಲಿ ಹಿರಿಯ ನಿವಾಸಿಗಳು ಹೇಳಿದ ನೆನಪುಗಳೂ ಇದ್ದವು. ಗಾಜಿನ ಪೆಟ್ಟಿಗೆಯ ಆಚೆ ನಿಂತು ನೋಡಬೇಕಾದವರೇ ಈಗ ಚರಿತ್ರೆ ಹೇಳುವವರಾದರು!

ಶಿಕ್ಷಕರೇ, ವಿದ್ಯಾರ್ಥಿಗಳೇ, ನಮ್ಮ ಶಾಲೆಗಳ ವಿಜ್ಞಾನ ವಸ್ತುಪ್ರದರ್ಶನಗಳಲ್ಲಿ ಪ್ರತಿ ವರ್ಷವೂ ಅದೇ ಜ್ವಾಲಾಮುಖಿ, ಅದೇ ಸೌರವ್ಯೂಹ. ಅವು ಬೇಡವೆಂದಲ್ಲ. ಈ ಸಲ ಮಾದರಿ ಮಾಡುವ ಮೊದಲು ಊರವರನ್ನು ಒಂದು ಮಾತು ಕೇಳಿ: 'ನಿಮ್ಮನ್ನು ಹೆಚ್ಚು ಕಾಡುತ್ತಿರುವುದು ಏನು?' ನಿಮ್ಮ ಪ್ರದರ್ಶನ ಆ ಉತ್ತರದಿಂದ ಆರಂಭವಾಗಲಿ.