ಮರುಬಳಕೆಯ ಉಡಾವಣಾ ವಾಹನಗಳ ಪರೀಕ್ಷೆ ಹಾಗೂ ಆಕಾಶದಿಂದ ಬೀಳುವ ವಸ್ತುಗಳು: ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳಲ್ಲಿ ರಾಕೆಟ್ ಉಡಾವಣೆ ಅಥವಾ ಇಳಿಸುವಿಕೆಯ ಯಾವುದೇ ಕೇಂದ್ರ ಇರುವುದಿಲ್ಲ. ಆದಾಗ್ಯೂ ಇತ್ತೀಚಿನ ವರ್ಷಗಳಲ್ಲಿ ಖಾಸಗಿ ರಾಕೆಟ್‌ಗಳ ಕುರಿತ ಸುದ್ದಿಗಳು ಹೆಚ್ಚಿರುವುದರಿಂದಲೂ, ನೆರೆಯ ಬೀದರ್ ಜಿಲ್ಲೆಯಲ್ಲಿ ಆಕಾಶದಿಂದ ಉಪಕರಣವೊಂದು ಇಳಿದ ನಿದರ್ಶನವಿರುವುದರಿಂದಲೂ ಈ ವಿಷಯದಲ್ಲಿ ನಾಗರಿಕರು ತಿಳಿದಿರಬೇಕಾದ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

ಮರುಬಳಕೆ ಎಂದರೇನು

ಸಾಮಾನ್ಯ ರಾಕೆಟ್‌ನಲ್ಲಿ ಇಂಧನ ಮುಗಿದ ಹಂತಗಳು ಒಂದೊಂದಾಗಿ ಕಳಚಿ ಬೀಳುತ್ತವೆ. ಕೆಳಹಂತಗಳು ಬೇಗನೆ ಬೀಳುವುದರಿಂದ ಶ್ರೀಹರಿಕೋಟಾದ ಉಡಾವಣೆಗಳನ್ನು ಸಮುದ್ರದ ಕಡೆಗೆ ನಡೆಸಲಾಗುತ್ತದೆ. ಕಕ್ಷೆಯವರೆಗೆ ಹೋದ ಮೇಲ್ಹಂತವು ಮಾತ್ರ ತಿಂಗಳುಗಳ ನಂತರ ಎಲ್ಲಿ ಬೇಕಾದರೂ ವಾತಾವರಣವನ್ನು ಪುನಃ ಪ್ರವೇಶಿಸಬಹುದು. ಮರುಬಳಕೆಯ ವಾಹನದಲ್ಲಿ ಹಂತವನ್ನು ಅಥವಾ ಇಡೀ ವಾಹನವನ್ನು ನಿಯಂತ್ರಿಸಿ ನೆಲಕ್ಕೆ ತಂದು ಮತ್ತೆ ಉಪಯೋಗಿಸಲಾಗುತ್ತದೆ. ಉದ್ದೇಶ ಮುಖ್ಯವಾಗಿ ವೆಚ್ಚದ ಉಳಿತಾಯ. ಕಳಚಿ ಬೀಳುವ ಭಾಗಗಳು ಕಡಿಮೆಯಾಗುವುದು ಅದರ ಜೊತೆಗೆ ದೊರೆಯುವ ಲಾಭ.

ಅಮೆರಿಕದ ಖಾಸಗಿ ಸಂಸ್ಥೆಯಾದ ಸ್ಪೇಸ್‌ಎಕ್ಸ್ ತನ್ನ ಫಾಲ್ಕನ್-9 ರಾಕೆಟ್‌ನ ಮೊದಲ ಹಂತವನ್ನು 2015ರ ಡಿಸೆಂಬರ್‌ನಲ್ಲಿ ನೆಲಕ್ಕೆ ಇಳಿಸಿ, 2017ರ ಮಾರ್ಚ್‌ನಲ್ಲಿ ಹೀಗೆ ಇಳಿಸಿದ ಹಂತವೊಂದನ್ನು ಪ್ರಥಮ ಬಾರಿಗೆ ಮರುಬಳಕೆ ಮಾಡಿತು. ಸುಮಾರು 4,700 ಕೆ.ಜಿ. ತೂಕದ ಭಾರತದ ಜಿಸ್ಯಾಟ್-ಎನ್2 ಉಪಗ್ರಹವು ದೇಶೀಯ ರಾಕೆಟ್‌ನ ಸಾಮರ್ಥ್ಯವನ್ನು ಮೀರಿದ್ದರಿಂದ 2024ರ ನವೆಂಬರ್ 19ರಂದು ಇದೇ ರಾಕೆಟ್‌ನಲ್ಲಿ ಕಳುಹಿಸಲ್ಪಟ್ಟಿತು. ನಂತರ ಅದರ ನಿಯಂತ್ರಣವನ್ನು ಹಾಸನದಲ್ಲಿರುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವು ವಹಿಸಿಕೊಂಡಿತು. ಅದೇ ಸಂಸ್ಥೆಯ ಸ್ಟಾರ್‌ಶಿಪ್ ರಾಕೆಟ್ 2025ರ ಜನವರಿಯ ಪರೀಕ್ಷೆಯಲ್ಲಿ ಒಡೆದು, ಅದರ ಚೂರುಗಳು ಕೆರಿಬಿಯನ್ ಪ್ರದೇಶದ ದ್ವೀಪಗಳಲ್ಲಿ ಬಿದ್ದವು. ಮರುಬಳಕೆಯ ರಾಕೆಟ್ ಎಂದ ಮಾತ್ರಕ್ಕೆ ಪರೀಕ್ಷಾ ಹಂತದಲ್ಲಿ ಅಪಾಯವಿಲ್ಲ ಎಂದು ಭಾವಿಸತಕ್ಕದ್ದಲ್ಲ.

ಕರ್ನಾಟಕದಲ್ಲಿ ನಡೆದ ಪರೀಕ್ಷೆಗಳು

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಸಮೀಪವಿರುವ ಡಿಆರ್‌ಡಿಒ ವೈಮಾನಿಕ ಪರೀಕ್ಷಾ ವಲಯದಲ್ಲಿ ಇಸ್ರೋ ಸಂಸ್ಥೆಯು 'ಪುಷ್ಪಕ್' ಹೆಸರಿನ ರೆಕ್ಕೆಯುಳ್ಳ ವಾಹನವನ್ನು ಮೂರು ಬಾರಿ ಯಶಸ್ವಿಯಾಗಿ ಇಳಿಸಿದೆ: 2023ರ ಏಪ್ರಿಲ್ 2, 2024ರ ಮಾರ್ಚ್ 22 ಹಾಗೂ 2024ರ ಜೂನ್ 23. ಇದು ಸರ್ಕಾರಿ ಯೋಜನೆಯೇ ಹೊರತು ಖಾಸಗಿಯದಲ್ಲ. ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ವಾಹನವನ್ನು ಸುಮಾರು 4.5 ಕಿ.ಮೀ. ಎತ್ತರಕ್ಕೆ ಒಯ್ದು ಬಿಟ್ಟ ನಂತರ, ಅದು ಮನುಷ್ಯರ ನೆರವಿಲ್ಲದೆ ತಾನೇ ದಿಕ್ಕು ಸರಿಪಡಿಸಿಕೊಂಡು ರನ್‌ವೇ ಮೇಲೆ ಇಳಿಯಿತು. ಮೂರನೆಯ ಪರೀಕ್ಷೆಯಲ್ಲಿ ವಾಹನವನ್ನು ಉದ್ದೇಶಪೂರ್ವಕವಾಗಿ ರನ್‌ವೇಯ ನೇರದಿಂದ 500 ಮೀಟರ್ ಪಕ್ಕಕ್ಕೆ ಬಿಡಲಾಗಿತ್ತು. ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ 320 ಕಿ.ಮೀ.ಗಿಂತ ಹೆಚ್ಚಿದ್ದು, ಬ್ರೇಕ್ ಪ್ಯಾರಾಚೂಟ್ ಅದನ್ನು ಸುಮಾರು 100 ಕಿ.ಮೀ.ಗೆ ಇಳಿಸಿತು. ಪ್ರಯಾಣಿಕರ ವಿಮಾನ ಇಳಿಯುವ ವೇಗ ಸುಮಾರು 260 ಕಿ.ಮೀ. ಎಂಬುದನ್ನು ನೆನೆದರೆ ಈ ಕಾರ್ಯದ ಕಾಠಿಣ್ಯ ತಿಳಿಯುತ್ತದೆ. ಈ ಮೂರೂ ಕೇವಲ ಇಳಿಸುವ ಪರೀಕ್ಷೆಗಳಾಗಿದ್ದು, ವಾಹನವು ಕಕ್ಷೆಗೆ ಹೋಗಿರುವುದಿಲ್ಲ.

ಖಾಸಗಿ ಕ್ಷೇತ್ರದಲ್ಲಿ ಸ್ಕೈರೂಟ್ ಸಂಸ್ಥೆಯ ವಿಕ್ರಮ್-ಎಸ್ ರಾಕೆಟ್ 2022ರ ನವೆಂಬರ್ 18ರಂದು, ಅಗ್ನಿಕುಲ್ ಸಂಸ್ಥೆಯ ಪರೀಕ್ಷಾ ರಾಕೆಟ್ 2024ರ ಮೇ 30ರಂದು ಶ್ರೀಹರಿಕೋಟಾದಿಂದ ಹಾರಿದವು. ಎರಡೂ ಕಕ್ಷೆಯನ್ನು ತಲುಪುವ ಉದ್ದೇಶದವಲ್ಲ. ಇಂತಹ ಹಾರಾಟಗಳಿಗೆ ಅಹಮದಾಬಾದ್‌ನಲ್ಲಿರುವ ಕೇಂದ್ರ ಸರ್ಕಾರದ ಇನ್-ಸ್ಪೇಸ್ ಸಂಸ್ಥೆಯ ಅನುಮತಿ ಕಡ್ಡಾಯ. ತಾಲ್ಲೂಕು ಅಥವಾ ಜಿಲ್ಲಾ ಕಚೇರಿಗಳಿಗೆ ಇದನ್ನು ನೀಡುವ ಅಧಿಕಾರವಿರುವುದಿಲ್ಲವಾದ್ದರಿಂದ ಈ ಬಗ್ಗೆ ಇಲ್ಲಿ ಅರ್ಜಿ ಸಲ್ಲಿಸಬಾರದಾಗಿ ಕೋರಲಾಗಿದೆ.

ಹೊಲದಲ್ಲಿ ಅಪರಿಚಿತ ವಸ್ತು ಕಂಡುಬಂದಲ್ಲಿ

ಈ ಭಾಗದಲ್ಲಿ ರಾಕೆಟ್‌ಗಿಂತ ಬಲೂನ್ ಬೀಳುವ ಸಂಭವವೇ ಹೆಚ್ಚು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯು ಹೈದರಾಬಾದ್‌ನಿಂದ ಹಾರಿಸುವ ತೆಳು ಪಾಲಿಥೀನ್‌ನ ವೈಜ್ಞಾನಿಕ ಬಲೂನ್‌ಗಳು 30 ಕಿ.ಮೀ.ಗೂ ಮೇಲೇರಿ ಗಾಳಿಯೊಂದಿಗೆ ಸಾಗುತ್ತವೆ. ಉಪಕರಣಗಳು ಪ್ಯಾರಾಚೂಟ್ ಮೂಲಕ ಕೆಳಗಿಳಿಯುತ್ತವೆ. 2025ರ ಜನವರಿಯಲ್ಲಿ ಬೀದರ್ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿನ ಜಲಸಂಗಿ ಗ್ರಾಮದಲ್ಲಿ ಇಳಿದದ್ದು ಇಂತಹುದೇ ಬಲೂನ್. ಗ್ರಾಮಸ್ಥರು ಗಾಬರಿಗೊಂಡದ್ದು ಸಹಜ. ಉಪಕರಣದ ಒಳಗೆ ಅಧಿಕ ವೋಲ್ಟೇಜ್ ಇರಬಹುದಾದ ಕಾರಣ ಅದನ್ನು ಬಿಚ್ಚಬಾರದು. ಬಿಚ್ಚಿದರೆ ಸಂಗ್ರಹವಾದ ಮಾಹಿತಿಯೂ ನಷ್ಟವಾಗುತ್ತದೆ.

ರಾಕೆಟ್ ಅವಶೇಷದ ನಿದರ್ಶನ ಮಹಾರಾಷ್ಟ್ರದ್ದು. 2022ರ ಏಪ್ರಿಲ್ 2ರ ರಾತ್ರಿ ಚಂದ್ರಾಪುರ ಜಿಲ್ಲೆಯ ಸಿಂದೇವಾಹಿ ತಾಲ್ಲೂಕಿನಲ್ಲಿ ದೊಡ್ಡ ಲೋಹದ ಬಳೆ ಹಾಗೂ ಗೋಳಗಳು ಬಿದ್ದವು. ಇವು ಚೀನಾದ ರಾಕೆಟ್ ಹಂತದ ಭಾಗಗಳೆಂದು ತಜ್ಞರು ಅಭಿಪ್ರಾಯಪಟ್ಟರು. ಇಂತಹ ಟ್ಯಾಂಕುಗಳಲ್ಲಿ ವಿಷಕಾರಿ ಇಂಧನದ ಶೇಷ ಉಳಿದಿರಬಹುದು. ಆದ್ದರಿಂದ ವಸ್ತುವಿನಿಂದ ದೂರ ನಿಂತು, ಮಕ್ಕಳು ಮತ್ತು ದನಕರುಗಳನ್ನು ಹತ್ತಿರ ಬಿಡದೆ, 112ಕ್ಕೆ ಅಥವಾ ಸಮೀಪದ ಪೊಲೀಸ್ ಠಾಣೆಗೆ ಹಾಗೂ ಗ್ರಾಮ ಆಡಳಿತ ಅಧಿಕಾರಿಗೆ ತಿಳಿಸಬೇಕು. ಮಾಹಿತಿ ನೀಡಲು ಯಾವುದೇ ಶುಲ್ಕವಿರುವುದಿಲ್ಲ. ವಸ್ತುವು ಸಿಕ್ಕವರ ಸ್ವತ್ತಾಗುವುದಿಲ್ಲ, ಗುಜರಿಗೆ ಮಾರತಕ್ಕದ್ದಲ್ಲ.

ಹಾನಿ ಸಂಭವಿಸಿದಲ್ಲಿ

ಅರ್ಜಿದಾರರು ಹೆಚ್ಚಾಗಿ ಎಡವುವುದು ಇಲ್ಲಿಯೇ. ತೊಗರಿ ಬೆಳೆ ಅಥವಾ ಮನೆಗೆ ಹೀಗೆ ಹಾನಿಯಾದಲ್ಲಿ ಅದು ಅತಿವೃಷ್ಟಿ, ಆಲಿಕಲ್ಲು ಮಳೆಗಳಂತೆ ಅಧಿಸೂಚಿತ ಪ್ರಕೃತಿ ವಿಕೋಪದ ಪಟ್ಟಿಯಲ್ಲಿ ಬರುವುದಿಲ್ಲವಾದ್ದರಿಂದ ಆ ಶೀರ್ಷಿಕೆಯಡಿ ಸಲ್ಲಿಸಿದ ಅರ್ಜಿ ತಿರಸ್ಕೃತವಾಗುವ ಸಂಭವವಿರುತ್ತದೆ. ವಸ್ತುವು ವಿದೇಶಿ ರಾಕೆಟ್‌ನದಾಗಿದ್ದಲ್ಲಿ, ಭಾರತವೂ ಒಪ್ಪಿರುವ 1972ರ ಅಂತರರಾಷ್ಟ್ರೀಯ ಹೊಣೆಗಾರಿಕೆ ಒಪ್ಪಂದದಂತೆ, ಉಡಾಯಿಸಿದ ದೇಶವು ನೆಲದ ಮೇಲಿನ ಹಾನಿಗೆ ತಪ್ಪು ಯಾರದೆಂಬ ಪ್ರಶ್ನೆಯಿಲ್ಲದೆ ಹೊಣೆಯಾಗುತ್ತದೆ. ಈ ಒಪ್ಪಂದದನ್ವಯ ಬೇಡಿಕೆಯನ್ನು ಕೇಂದ್ರ ಸರ್ಕಾರವೇ ರಾಜತಾಂತ್ರಿಕ ಮಾರ್ಗದಲ್ಲಿ ಮಂಡಿಸಬೇಕು. ಕಾಲಮಿತಿ ಹಾನಿಯಾದ ದಿನದಿಂದ, ಅಥವಾ ಹೊಣೆಗಾರ ದೇಶ ಗೊತ್ತಾದ ದಿನದಿಂದ 1 ವರ್ಷ. ನಮ್ಮದೇ ದೇಶದ ರಾಕೆಟ್‌ನಿಂದ ನಮ್ಮ ನಾಗರಿಕರಿಗಾದ ಹಾನಿಗೆ ಈ ಒಪ್ಪಂದ ಅನ್ವಯಿಸುವುದಿಲ್ಲ. ಬಲೂನ್‌ಗಳಂತೂ ಅದರ ವ್ಯಾಪ್ತಿಯಲ್ಲೇ ಇಲ್ಲ. ಅಂತಹ ಸಂದರ್ಭದಲ್ಲಿ ಹಾರಿಸಿದ ಸಂಸ್ಥೆಯನ್ನೇ ಕೋರಬೇಕಾಗುತ್ತದೆ.

ಯಾವುದೇ ಸಂದರ್ಭದಲ್ಲಿ ಹಾನಿಯ ಪುರಾವೆ ಮುಖ್ಯವಾದುದು. ವಸ್ತುವನ್ನು ತೆರವುಗೊಳಿಸುವ ಮುನ್ನವೇ ಸ್ಥಳ ಪಂಚನಾಮೆ ನಡೆಸುವಂತೆ ಕೋರಿ, ಅದರ ಪ್ರತಿ ಪಡೆದುಕೊಳ್ಳಬೇಕು. ದಿನಾಂಕ ಸಹಿತ ಛಾಯಾಚಿತ್ರ, ಚಾಲ್ತಿ ವರ್ಷದ ಪಹಣಿ, ಮನೆಯಾದಲ್ಲಿ ಗ್ರಾಮ ಪಂಚಾಯಿತಿಯ ಆಸ್ತಿ ದಾಖಲೆ, ಗಾಯಗೊಂಡಿದ್ದಲ್ಲಿ ಸರ್ಕಾರಿ ಆಸ್ಪತ್ರೆಯ ವೈದ್ಯಕೀಯ ಪ್ರಮಾಣಪತ್ರ, ಇವುಗಳೊಂದಿಗೆ ತಹಶೀಲ್ದಾರರಿಗೆ ಲಿಖಿತ ಮನವಿ ಸಲ್ಲಿಸಿ ಸ್ವೀಕೃತಿ ಪಡೆಯತಕ್ಕದ್ದು. ಪಾಲಿಗೆ ಮಾಡುವವರ ಹೆಸರು ಪಹಣಿಯ ಸಾಗುವಳಿ ಕಲಮಿನಲ್ಲಿ ಇಲ್ಲದಿದ್ದಲ್ಲಿ, ಬೆಳೆ ಯಾರದೆಂಬುದನ್ನು ಪಂಚನಾಮೆಯಲ್ಲಿಯೇ ಬರೆಯಿಸಿಕೊಳ್ಳುವುದು ಸೂಕ್ತ.