ಟಿವಿ ಟ್ಯೂನರ್ ಕಾರ್ಡ್: ಕೊಳ್ಳುವ ಮುನ್ನ ತಿಳಿಯಬೇಕಾದ ಸಂಗತಿಗಳು

ಕಂಪ್ಯೂಟರಿನ ಪರದೆಯ ಮೇಲೆ ಟಿವಿ ವಾಹಿನಿಗಳನ್ನು ನೋಡಲು ಹಾಗೂ ಬೇಕಾದ ಕಾರ್ಯಕ್ರಮವನ್ನು ಹಾರ್ಡ್ ಡಿಸ್ಕಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲು ನೆರವಾಗುವ ಸಾಧನವೇ ಟಿವಿ ಟ್ಯೂನರ್ ಕಾರ್ಡ್. 2000ರ ದಶಕದಲ್ಲಿ ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಕಂಪ್ಯೂಟರ್ ಜೋಡಿಸಿಕೊಳ್ಳುತ್ತಿದ್ದವರ ಪಟ್ಟಿಯಲ್ಲಿ ಇದಕ್ಕೂ ಸ್ಥಾನವಿತ್ತು. ಆ ಕಾಲದ ಕಾರ್ಡ್‌ಗಳು ಈಗ ಸೆಕೆಂಡ್ ಹ್ಯಾಂಡ್ ಮಾರಾಟದಲ್ಲಿ ಅಗ್ಗದ ಬೆಲೆಗೆ ಸಿಗುತ್ತವೆ. ಆದರೆ ಕೊಂಡು ತಂದು ಜೋಡಿಸಿದರೆ ಬಹುಪಾಲು ಮನೆಗಳಲ್ಲಿ ಒಂದು ವಾಹಿನಿಯೂ ಮೂಡುವುದಿಲ್ಲ. ದೋಷ ಕಾರ್ಡಿನದಲ್ಲ, ಮನೆಗೆ ಬರುವ ಸಂಕೇತವೇ ಬದಲಾಗಿದೆ. ಆದ್ದರಿಂದ ಕಾರ್ಡಿನ ಆಯ್ಕೆಯಲ್ಲಿ ಮೊದಲು ನೋಡಬೇಕಾದದ್ದು ಸಂಕೇತವನ್ನು, ನಂತರ ಉದ್ದೇಶವನ್ನು, ಆಮೇಲೆ ಕಂಪ್ಯೂಟರನ್ನು. ಕಂಪನಿಯ ಹೆಸರಿನ ಸರದಿ ಕೊನೆಯದು.

ಬದಲಾದ ಪ್ರಸಾರ

ಹಳೆಯ ಕಾರ್ಡ್‌ಗಳು ಅನಲಾಗ್ ಸಂಕೇತಕ್ಕಾಗಿ ರೂಪುಗೊಂಡವು. ಭಾರತದಲ್ಲಿ ಬಳಕೆಯಲ್ಲಿದ್ದ ಪಾಲ್ ಪದ್ಧತಿಯ ಪ್ರಸಾರವನ್ನು ಗ್ರಹಿಸಿ, ಅದನ್ನು ಕಂಪ್ಯೂಟರಿಗೆ ಅರ್ಥವಾಗುವ ಅಂಕಿಗಳನ್ನಾಗಿ ಪರಿವರ್ತಿಸುವುದು ಅವುಗಳ ಕೆಲಸವಾಗಿತ್ತು. ಕೇಬಲ್‌ನವರು ಎಳೆದುಕೊಟ್ಟ ತಂತಿಯನ್ನು ನೇರವಾಗಿ ಸಿಕ್ಕಿಸಿದರೆ ಸಾಕಿತ್ತು.

ಕೇಬಲ್ ಟೆಲಿವಿಷನ್ ಜಾಲಗಳ ನಿಯಂತ್ರಣ ಕಾಯ್ದೆಗೆ 2011ರಲ್ಲಿ ತಂದ ತಿದ್ದುಪಡಿಯು ಈ ವ್ಯವಸ್ಥೆಗೆ ತೆರೆ ಎಳೆಯಿತು. ಎರಡನೆಯ ಹಂತದಲ್ಲಿದ್ದ ಬೆಂಗಳೂರು ಮತ್ತು ಮೈಸೂರಿಗೆ 2013ರ ಮಾರ್ಚ್ 31 ಗಡುವಾಗಿತ್ತು. ಗ್ರಾಮೀಣ ಪ್ರದೇಶಗಳನ್ನು ಒಳಗೊಂಡ ಕೊನೆಯ ಹಂತದ ಗಡುವು 2017ರ ಮಾರ್ಚ್ 31ಕ್ಕೆ ಮುಗಿಯಿತು. ದೂರದರ್ಶನವೂ ತನ್ನ ಅನಲಾಗ್ ಭೂಪ್ರಸಾರ ಕೇಂದ್ರಗಳನ್ನು ಹಂತ ಹಂತವಾಗಿ ಮುಚ್ಚಿತು. ಆಯಕಟ್ಟಿನ ಸುಮಾರು 50 ಸ್ಥಳಗಳನ್ನು ಬಿಟ್ಟು ಉಳಿದವಕ್ಕೆ 2022ರ ಮಾರ್ಚ್ 31ರ ಗಡುವು ನಿಗದಿಯಾಗಿತ್ತು.

ಯಾವ ಸಂಕೇತಕ್ಕೆ ಯಾವ ಕಾರ್ಡ್?

ಡಿಜಿಟಲ್ ಕೇಬಲ್: ಇಲ್ಲಿ ಬಳಕೆಯಾಗುವುದು ಡಿವಿಬಿ-ಸಿ ಎಂಬ ಪದ್ಧತಿ. ಇದಕ್ಕೆ ಹೊಂದುವ ಕಾರ್ಡ್ ಸಂಕೇತವನ್ನು ಹಿಡಿಯಬಲ್ಲದು. ಆದರೆ ವಾಹಿನಿಗಳು ಗೂಢಲಿಪಿಯಲ್ಲಿ ಇರುವುದರಿಂದ ಚಿತ್ರ ತೆರೆದುಕೊಳ್ಳದು. ಬೀಗದ ಕೈ ಇರುವುದು ಸೆಟ್‌ಟಾಪ್ ಬಾಕ್ಸಿನಲ್ಲಿ. ಶುಲ್ಕದ ಡಿಟಿಎಚ್ ಸೇವೆಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಡಿಡಿ ಫ್ರೀ ಡಿಶ್: 2004ರ ಡಿಸೆಂಬರಿನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಆರಂಭವಾದ ಈ ಸೇವೆಗೆ ಮಾಸಿಕ ಶುಲ್ಕವಿಲ್ಲ. ಇಂದು ಕಂಪ್ಯೂಟರಿನಲ್ಲಿ ನೇರವಾಗಿ ಟಿವಿ ನೋಡಬಯಸುವವರಿಗೆ ಇದೇ ಸುಲಭದ ದಾರಿ. ಡಿವಿಬಿ-ಎಸ್2 ಕಾರ್ಡ್ ಕೊಂಡರೆ ಹಳೆಯ ಡಿವಿಬಿ-ಎಸ್ ಸಂಕೇತವೂ ಅದರಲ್ಲೇ ದೊರೆಯುತ್ತದೆ. ಡಿಶ್‌ನಿಂದ ಇಳಿದ ಕೇಬಲನ್ನು ಕಾರ್ಡಿಗೆ ಜೋಡಿಸಿದರೆ, ಗೂಢಲಿಪಿಯಿಲ್ಲದ ವಾಹಿನಿಗಳನ್ನು ನೋಡಬಹುದು, ರೆಕಾರ್ಡ್ ಮಾಡಿಕೊಳ್ಳಬಹುದು.

ಭೂಪ್ರಸಾರ: ಬೆಂಗಳೂರೂ ಸೇರಿದಂತೆ 16 ನಗರಗಳಲ್ಲಿ ದೂರದರ್ಶನವು ಡಿವಿಬಿ-ಟಿ2 ಪದ್ಧತಿಯ ಡಿಜಿಟಲ್ ಪ್ರಸಾರ ಆರಂಭಿಸಿದ್ದನ್ನು 2016ರಲ್ಲಿ ಪ್ರಕಟಿಸಿತು. ಇದಕ್ಕೆ ಟಿ2 ಕಾರ್ಡೇ ಬೇಕು; ಬರಿಯ ಡಿವಿಬಿ-ಟಿ ಎಂದು ನಮೂದಿಸಿದ ಕಾರ್ಡ್ ಪ್ರಯೋಜನಕ್ಕೆ ಬಾರದು. ತಮ್ಮ ಬಡಾವಣೆಯಲ್ಲಿ ಸಂಕೇತ ಸಿಗುವುದೇ ಎಂಬುದನ್ನು ಪರೀಕ್ಷಿಸದೆ ಹಣ ಹಾಕುವುದು ಸಲ್ಲದು.

ವಿದೇಶದಿಂದ ಬಂದ ಉಡುಗೊರೆ: ಅಮೆರಿಕದಲ್ಲಿರುವ ಬಂಧುಗಳು ಕಳುಹಿಸಿದ ಕಾರ್ಡ್ ಅಲ್ಲಿನ ಎಟಿಎಸ್‌ಸಿ ಪದ್ಧತಿಯದಾಗಿದ್ದರೆ ಇಲ್ಲಿನ ಡಿಜಿಟಲ್ ಪ್ರಸಾರವನ್ನು ಅದು ಗ್ರಹಿಸಲಾರದು. ಜಪಾನಿನ ಐಎಸ್‌ಡಿಬಿ-ಟಿ ಕಾರ್ಡಿನ ಗತಿಯೂ ಅಷ್ಟೇ.

ಹಳೆಯ ಕಾರ್ಡಿಗೆ ಉಳಿದಿರುವ ಕೆಲಸ

ಹಾಗೆಂದು ಅಟ್ಟದ ಮೇಲಿರುವ ಅನಲಾಗ್ ಕಾರ್ಡನ್ನು ಗುಜರಿಗೆ ಹಾಕುವ ಅವಸರ ಬೇಡ. ಹಲವು ಕಾರ್ಡ್‌ಗಳಲ್ಲಿ ಆಂಟೆನಾ ರಂಧ್ರದ ಜೊತೆಗೆ ಎವಿ ಅಥವಾ ಎಸ್-ವಿಡಿಯೊ ಪ್ರವೇಶವೂ ಇರುತ್ತದೆ. ಸೆಟ್‌ಟಾಪ್ ಬಾಕ್ಸಿನ ಹಳದಿ ತಂತಿಯನ್ನು ಇಲ್ಲಿಗೆ ಜೋಡಿಸಿ ಟಿವಿ ನೋಡಬಹುದು. ವಾಹಿನಿ ಬದಲಿಸಲು ಮಾತ್ರ ಬಾಕ್ಸಿನ ರಿಮೋಟೇ ಬೇಕು.

ಇದಕ್ಕಿಂತ ಮಹತ್ವದ ಉಪಯೋಗ ಮತ್ತೊಂದಿದೆ. ಮದುವೆ, ನಾಮಕರಣ, ಗೃಹಪ್ರವೇಶಗಳ ವಿಎಚ್‌ಎಸ್ ಕ್ಯಾಸೆಟ್‌ಗಳು ಅನೇಕ ಮನೆಗಳಲ್ಲಿ ಇನ್ನೂ ಉಳಿದಿವೆ. ತೇವದ ಹವೆಯಲ್ಲಿ ಟೇಪಿಗೆ ಬಿಳಿಯ ಬೂಷ್ಟು ಹಿಡಿಯುತ್ತದೆ. ಕರಾವಳಿ, ಮಲೆನಾಡುಗಳಲ್ಲಿ ಈ ಅಪಾಯ ಹೆಚ್ಚು. ಅವುಗಳನ್ನು ಓಡಿಸುವ ಯಂತ್ರವೂ ಅಪರೂಪವಾಗುತ್ತಿದೆ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿಯೆಂದು ಪರಿಗಣಿತವಾದ ಜಪಾನಿನ ಫುನಾಯ್ 2016ರ ಜುಲೈಯಲ್ಲಿ ಉತ್ಪಾದನೆ ನಿಲ್ಲಿಸಿತು. ಕಾರ್ಡ್ ಇನ್ನೂ ಸಿಗುತ್ತದೆ; ಸುಸ್ಥಿತಿಯಲ್ಲಿರುವ ವಿಸಿಆರ್ ಸಿಗುವುದೇ ಕಷ್ಟ. ಈ ಕೆಲಸವನ್ನು ಮುಂದೂಡಿದಷ್ಟೂ ನಷ್ಟ.

ವಿಸಿಆರ್‌ನ ಎವಿ ನಿರ್ಗಮವನ್ನು ಕಾರ್ಡಿನ ಎವಿ ಪ್ರವೇಶಕ್ಕೆ ಜೋಡಿಸಬೇಕು. ಅನೇಕ ಹಳೆಯ ಕಾರ್ಡ್‌ಗಳು ಚಿತ್ರವನ್ನಷ್ಟೇ ನಿರ್ವಹಿಸುತ್ತವೆ. ಅಂಥ ಕಡೆ ಧ್ವನಿಯ ತಂತಿಯನ್ನು ಸೌಂಡ್ ಕಾರ್ಡಿನ ಲೈನ್-ಇನ್‌ಗೆ ಕೊಡಬೇಕಾಗುತ್ತದೆ. ಮೂರು ಗಂಟೆಯ ಕ್ಯಾಸೆಟ್ ನಕಲಿಸಲು ಮೂರು ಗಂಟೆಯೇ ಬೇಕು. ನಕಲಿನ ಕೊನೆಯ ಹತ್ತು ನಿಮಿಷ ನೋಡಿ, ಮಾತಿಗೂ ತುಟಿಗೂ ತಾಳೆಯಿದೆಯೇ ಎಂದು ಪರಿಶೀಲಿಸುವುದು ಒಳಿತು. ಬೂಷ್ಟು ಹಿಡಿದ ಟೇಪನ್ನು ಸ್ವಚ್ಛಗೊಳಿಸದೆ ಓಡಿಸಬಾರದು. ಅದು ವಿಸಿಆರ್‌ನ ಹೆಡ್ಡಿಗೂ, ಅಲ್ಲಿಂದ ಮುಂದಿನ ಕ್ಯಾಸೆಟ್‌ಗೂ ಹರಡುತ್ತದೆ.

ಸ್ಥಳಾವಕಾಶದ ಲೆಕ್ಕವನ್ನೂ ಹಾಕಬೇಕು. 720×576 ಗಾತ್ರದ ಪಾಲ್ ಚಿತ್ರವನ್ನು ಸಂಕುಚನಗೊಳಿಸದೆ ಉಳಿಸಿದರೆ ಗಂಟೆಗೆ ಸುಮಾರು 75 ಗಿಗಾಬೈಟ್ ತುಂಬುತ್ತದೆ. ಅದನ್ನೇ ಸೆಕೆಂಡಿಗೆ 6 ಮೆಗಾಬಿಟ್ ವೇಗದ ಎಂಪೆಗ್-2 ರೂಪಕ್ಕೆ ಇಳಿಸಿದರೆ ಗಂಟೆಗೆ 2.7 ಗಿಗಾಬೈಟ್ ಸಾಕು. ವಿಎಚ್‌ಎಸ್ ಗುಣಮಟ್ಟಕ್ಕೆ ಇದು ಧಾರಾಳ.

ಕೆಲವು ಕಾರ್ಡ್‌ಗಳಲ್ಲಿರುವ ಎಫ್‌ಎಂ ರೇಡಿಯೊ ಸೌಲಭ್ಯವೂ ನಿರುಪಯುಕ್ತವಾಗಿಲ್ಲ. ಟಿವಿ ಡಿಜಿಟಲ್ ಆದರೂ ಎಫ್‌ಎಂ ಪ್ರಸಾರ ಅನಲಾಗ್ ಆಗಿಯೇ ಮುಂದುವರಿದಿದೆ.

ಕಂಪ್ಯೂಟರಿಗೆ ಹೊಂದುವುದೇ?

ಹಳೆಯ ಕಾರ್ಡ್‌ಗಳಿಗೆ ಪಿಸಿಐ ಸ್ಲಾಟ್ ಬೇಕು. ಇಂದಿನ ಮದರ್‌ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ ಪಿಸಿಐ ಎಕ್ಸ್‌ಪ್ರೆಸ್ ಮಾತ್ರ ಇರುತ್ತದೆ. ಹೆಸರು ಹೋಲುತ್ತದೆಯಾದರೂ ಒಂದರ ಕಾರ್ಡ್ ಇನ್ನೊಂದರಲ್ಲಿ ಕೂರದು. ಲ್ಯಾಪ್‌ಟಾಪ್ ಉಳ್ಳವರಿಗೆ ಯುಎಸ್‌ಬಿ ಸಾಧನವೇ ಗತಿ.

ಎರಡನೆಯ ತೊಡಕು ಡ್ರೈವರ್ ತಂತ್ರಾಂಶದ್ದು. ವಿಂಡೋಸ್ ಎಕ್ಸ್‌ಪಿ ಕಾಲದ ಕಾರ್ಡ್‌ಗಳಲ್ಲಿ ಅನೇಕಕ್ಕೆ 64 ಬಿಟ್ ವಿಂಡೋಸ್ ಡ್ರೈವರ್ ದೊರೆಯುವುದಿಲ್ಲ. ಟಿವಿ ನೋಡಲು ಒದಗುತ್ತಿದ್ದ ವಿಂಡೋಸ್ ಮೀಡಿಯಾ ಸೆಂಟರನ್ನು ಮೈಕ್ರೋಸಾಫ್ಟ್ 2015ರ ವಿಂಡೋಸ್ 10ರಲ್ಲಿ ಕೈಬಿಟ್ಟಿತು. ಬಿಟಿ878, ಎಸ್‌ಎಎ7134 ಚಿಪ್‌ಗಳ ಕಾರ್ಡ್‌ಗಳಿಗೆ ಲಿನಕ್ಸ್‌ನಲ್ಲಿ ಮುಕ್ತ ಡ್ರೈವರ್‌ಗಳು ರೂಪುಗೊಂಡಿರುವುದರಿಂದ ಹಳೆಯ ಕಂಪ್ಯೂಟರೊಂದಕ್ಕೆ ಲಿನಕ್ಸ್ ಹಾಕಿ ಬಳಸುವ ದಾರಿಯೂ ಇದೆ. ಆದ್ದರಿಂದ ಪೆಟ್ಟಿಗೆಯ ಮೇಲಿನ ಹೆಸರಿಗಿಂತ ಒಳಗಿನ ಚಿಪ್ಪಿನ ಸಂಖ್ಯೆ ಮುಖ್ಯ.

ಹಣ ಕೊಡುವ ಮುನ್ನ

* ಮನೆಗೆ ಬರುವ ಸಂಕೇತ ಯಾವುದು? ಅದು ಗೂಢಲಿಪಿಯಲ್ಲಿದೆಯೇ?
* ಬೇಕಿರುವುದು ಟಿವಿ ವೀಕ್ಷಣೆಯೋ, ಹಳೆಯ ಕ್ಯಾಸೆಟ್‌ಗಳ ನಕಲೋ?
* ನಕಲಿಗಾದರೆ ಎವಿ ಪ್ರವೇಶ ಇದೆಯೇ? ಎಚ್‌ಡಿಎಂಐ ಮಾತ್ರ ಇರುವ ಕ್ಯಾಪ್ಚರ್ ಸಾಧನಕ್ಕೆ ವಿಸಿಆರ್ ನೇರವಾಗಿ ಜೋಡಣೆಯಾಗದು.
* ಹೊಂದುವ ಸ್ಲಾಟ್, ಡ್ರೈವರ್ ಇವೆಯೇ?
* ಕೆಲಸ ಮಾಡದಿದ್ದರೆ ಮಾರಾಟಗಾರ ಹಿಂದಕ್ಕೆ ಪಡೆಯುವನೇ?

ಕೇವಲ ಕೇಬಲ್ ವಾಹಿನಿಗಳನ್ನು ನೋಡುವ ಉದ್ದೇಶವಿದ್ದವರು ಕಾರ್ಡಿಗೆ ಹಣ ಹಾಕದಿರುವುದೇ ಜಾಣತನ. ಫ್ರೀ ಡಿಶ್ ಇದ್ದವರಿಗೆ ಡಿವಿಬಿ-ಎಸ್2 ಸೂಕ್ತ. ಕ್ಯಾಸೆಟ್‌ಗಳನ್ನು ಉಳಿಸಿಕೊಳ್ಳಬೇಕಾದವರಿಗೆ ಎವಿ ಪ್ರವೇಶವಿರುವ ಹಳೆಯ ಕಾರ್ಡೇ ಸಾಕು. ಅಂಥವರು ಕಾರ್ಡಿಗಿಂತ ಮೊದಲು ವಿಸಿಆರ್ ಹುಡುಕಿಕೊಳ್ಳುವುದು ಕ್ಷೇಮ.