ಕಲಾವಿದರಿಗೆ ಸರ್ಕಾರಿ ನೆರವು: ಕೆಜಿಎಫ್ ಮತ್ತು ಬಂಗಾರಪೇಟೆ

ಈ ಎರಡು ತಾಲ್ಲೂಕುಗಳ ಕಲಾವಿದರಿಗೆ ರಾಜ್ಯದ ನೆರವು ಮುಖ್ಯವಾಗಿ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯಿಂದ ಬರುತ್ತದೆ; ಜಿಲ್ಲಾ ಕಚೇರಿ ಕೋಲಾರದಲ್ಲಿದೆ. ಕಷ್ಟದಲ್ಲಿರುವ ಹಿರಿಯ ಸಾಹಿತಿ, ಕಲಾವಿದರಿಗೆ ಮಾಸಾಶನವಿದೆ. ನೋಂದಾಯಿತ ಸಂಘಗಳಿಗೆ ಧನಸಹಾಯ ಸಿಗುತ್ತದೆ.

ಪರಿಶಿಷ್ಟ ಜಾತಿ, ಪಂಗಡಗಳ ಕಲಾವಿದರಿಗೆ ವಾದ್ಯ, ವೇಷಭೂಷಣ ಕೊಳ್ಳಲು ಕೊಡುವ ನೆರವು ಈ ಸೀಮೆಗೆ ಎಲ್ಲಕ್ಕಿಂತ ಮುಖ್ಯವಾದುದು. ಈ ಸೀಮೆ ತಮಟೆಯ ನೆಲ; ಅದನ್ನು ನುಡಿಸುವವರು ಹೆಚ್ಚಾಗಿ ಈ ಸಮುದಾಯಗಳವರೇ. 2007ರವರೆಗೆ ಕೋಲಾರ ಜಿಲ್ಲೆಗೇ ಸೇರಿದ್ದ ಶಿಡ್ಲಘಟ್ಟ ತಾಲ್ಲೂಕಿನ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು. ಕೋಲಾರದವರೇ ಆದ ಗಾಯಕ ಪಿಚ್ಚಳ್ಳಿ ಶ್ರೀನಿವಾಸ್ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದರು. ಕಲಿಸುವವರಿಗೆ ಗುರು-ಶಿಷ್ಯ ಪರಂಪರೆಯ ತರಬೇತಿ ಯೋಜನೆ, ಅಕಾಡೆಮಿಗಳ ಶಿಬಿರಗಳಿವೆ.

ಕೆಜಿಎಫ್‌ನ ಸ್ಥಿತಿ ಬೇರೆ. 2001ರ ಫೆಬ್ರವರಿ 28ರಂದು ಇಲ್ಲಿನ ಚಿನ್ನದ ಗಣಿ ಮುಚ್ಚಿದ ಮೇಲೆ ದುಡಿಮೆಗಾಗಿ ಸಾವಿರಾರು ಜನ ದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುತ್ತಾರೆ. ಸಂಜೆಯ ತಾಲೀಮಿಗೆ ಬಿಡುವೆಲ್ಲಿ? ಇಲ್ಲಿ ಮನೆಮಾತು ಹೆಚ್ಚಾಗಿ ತಮಿಳು, ಸುತ್ತಲ ಹಳ್ಳಿಗಳಲ್ಲಿ ತೆಲುಗು. ಅರ್ಜಿಯ ಭಾಷೆ ಕನ್ನಡ. ಸಂಘದ ನೋಂದಣಿ, ಲೆಕ್ಕಪತ್ರ, ಹಿಂದಿನ ಕಾರ್ಯಕ್ರಮಗಳ ದಾಖಲೆ ಹೊಂದಿಸುವುದು ಓದುಬರಹ ಕಡಿಮೆಯಿರುವ ತಮಟೆ ತಂಡಕ್ಕೆ ನಿಜಕ್ಕೂ ಭಾರ. ಈ ಕೆಲಸದಲ್ಲಿ ಊರಿನ ಶಾಲಾ ಮೇಷ್ಟ್ರ ನೆರವು ಬೆಲೆಯುಳ್ಳದ್ದು.